ನಾನು ಚುಕ್ಕಿ ಇಟ್ಟ ಕೌಂಟೆಸ್ ಮಗಳು

ಮೂರು ವರ್ಷದ ಹಿಂದೆ ನಾನು ಮ್ಯಾನ್‌ಹಾಟನ್ನಿನ ವಂಶಾವಳಿ ಸಂಸ್ಥೆಯೊಂದರಲ್ಲಿ ಜೂನಿಯರ್ ರಿಸರ್ಚರ್ ಆಗಿದ್ದೆ. ಯಾರದೋ ಅಜ್ಜನ ಅಜ್ಜನನ್ನು ಹಳೆಯ ಚರ್ಚ್ ದಾಖಲೆಗಳಲ್ಲಿ ಹುಡುಕಿಕೊಡುವ ಕೆಲಸ. ಮನೆಯಿದ್ದ ಹಿಕ್ಸ್‌ವಿಲ್‌ನಿಂದ ಬರುವಾಗ ಟ್ರೇನಿನ ಕಂಡಕ್ಟರನ ದನಿ ಅನುಕರಿಸುತ್ತಿದ್ದೆ. ಕಚೇರಿಯಲ್ಲಿ ನಮ್ಮ ಮೇಲಧಿಕಾರಿ ಸುಮಿತ್ರಾ ಆಂಟಿಯ ಧಾರವಾಡದ ದನಿ. ನನ್ನ ಸಂಶೋಧನೆಗಿಂತ ಇವೆರಡೂ ನಿಖರವಾಗಿದ್ದವು.

ಆ ಚಳಿಗಾಲದಲ್ಲಿ ಬೆಲ್‌ರೋಸ್ ಊರಿನ ಮಾರ್ಗರೆಟ್ ತಮ್ಮ ವಂಶ ಹುಡುಕಿಸಲು ಬಂದರು. ಎಂಬತ್ತು ದಾಟಿದವರು, ಒಂಟಿ. ಡಾಕ್ಟರು ವಸಂತದವರೆಗೆ ಬದುಕಬಹುದು ಎಂದಿದ್ದರು. ಫ್ರಾನ್ಸಿನ ಬ್ರಿಟನಿಯಲ್ಲಿದ್ದ ಮಧ್ಯಯುಗದ, ಕೋಟೆ-ಸೀಮೆಗಳ ಒಡತಿಯಾದ ಕೌಂಟೆಸ್ ಒಬ್ಬಳು ತಮ್ಮ ಮೂಲ ಎಂದು ಅವರ ತಾಯಿ ಹೇಳುತ್ತಿದ್ದರಂತೆ. “ನಿಜವೋ ಸುಳ್ಳೋ, ತಿಳಿದುಕೊಂಡು ಹೋಗುತ್ತೇನೆ,” ಎಂದರು.

ಕೌಂಟೆಸ್‌ಗೆ ಎರಡು ಮದುವೆ. ಮೊದಲ ಗಂಡನಿಂದ ಒಬ್ಬ ಮಗಳು, ಎರಡನೆಯವನಿಂದ ಇಬ್ಬರು ಗಂಡುಮಕ್ಕಳು. ಗಂಡುಮಕ್ಕಳ ಗೆರೆ ಹಿಡಿದು ಇಳಿದೆ, ಮೊಮ್ಮಕ್ಕಳಿಗೇ ನಿಂತಿತು. ‘ಸಂಬಂಧ ಸಿಗಲಿಲ್ಲ’ ಎಂದು ವರದಿ ಕಳಿಸಿದೆ. ಮಾರ್ಗರೆಟ್ ಫೋನ್ ಮಾಡಿ “ಸರಿ” ಎಂದಷ್ಟೇ ಹೇಳಿ ಇಟ್ಟರು. ನನಗೆ ಏನೂ ಅನ್ನಿಸಲಿಲ್ಲ. ಊಟಕ್ಕೆ ಹೋದೆ.

ಮರುವಾರ ಆಂಟಿ ನಾನು ಬರೆದ ವಂಶದ ನಕ್ಷೆ ನೋಡಿದರು.

“ಏನಪಾ, ಈ ಮಗಳಿಗೆ ಬರೇ ಚುಕ್ಕಿ ಇಟ್ಟೀಯಲ್ಲ?”

“ಮದುವೆಯಾಗಿ ಹೋದಳಲ್ಲ, ಆಂಟಿ.”

“ಎಲ್ಲಿಗೆ ಹೋದ್ಲು? ತಮ್ಮಂದಿರ ವಂಶ ಮುಗಿದ ಮ್ಯಾಲೆ ಅವ್ವನ ಕೋಟೆ ಅಕೀ ಮಕ್ಕಳಿಗೇ ಬಂದದ. ಇದೇನು ನಿಮ್ಮ ಮನಿ ವಂಶವೃಕ್ಷ ಏನು?”

ಹಾಗೆಯೇ ಆಗಿತ್ತು. ಮೈಸೂರಿನಿಂದ ತಂದು ಅಪ್ಪ ಗೋಡೆಗೆ ಹಾಕಿರುವ ವಂಶವೃಕ್ಷದಲ್ಲಿ ಮದುವೆ ಮಾಡಿಕೊಟ್ಟ ಹೆಣ್ಣುಮಕ್ಕಳೆಲ್ಲ ಹೆಸರಿಲ್ಲದ ಚುಕ್ಕಿಗಳೇ. ಅದನ್ನು ನೋಡಿ ಬೆಳೆದ ಕೈ ಹಾಗೇ ಬರೆದಿತ್ತು. ಅದೇ ಚುಕ್ಕಿಯಿಂದ ಹೊರಟು ಒಂಬತ್ತು ದಿನದಲ್ಲಿ ಮಾರ್ಗರೆಟ್‌ವರೆಗೆ ಬಂದೆ.

ಹೊಸ ನಕ್ಷೆಯನ್ನು ನಾನೇ ಬೆಲ್‌ರೋಸ್‌ಗೆ ಒಯ್ದೆ. ಮಾರ್ಗರೆಟ್ ಹಾಸಿಗೆ ಹಿಡಿದಿದ್ದರು. ಕೌಂಟೆಸ್ ಹೆಸರಿನಿಂದ ಬೆರಳು ಎಳೆಯುತ್ತಾ ತಮ್ಮ ಹೆಸರಿಗೆ ಬಂದು, ಇನ್ನೂ ಕೆಳಗೆ ಹುಡುಕಿದರು.

“ಆನ್ ಎಲ್ಲಿ?”

ಆನ್ ಅವರ ಮಗಳು. ಏಳನೇ ವಯಸ್ಸಿಗೆ ತೀರಿಕೊಂಡವಳು. ಫೈಲಿನಲ್ಲಿ ಹೆಸರಿತ್ತು. ಮುಂದೆ ಸಂತತಿಯಿಲ್ಲವೆಂದು ನಕ್ಷೆಯಲ್ಲಿ ಅವಳಿಗೂ ಚುಕ್ಕಿ ಇಟ್ಟಿದ್ದೆ.

ಪೆನ್ನು ತೆಗೆದು ಆ ಚುಕ್ಕಿಯ ಪಕ್ಕ ‘ಆನ್’ ಎಂದು ಬರೆದೆ.

“ಸ್ವಲ್ಪ ದೊಡ್ಡದಾಗಿ,” ಎಂದರು ಮಾರ್ಗರೆಟ್.

ಈಗ ಕೆಲಸಕ್ಕೆ ಸೇರುವ ಹೊಸಬರಿಗೆ ನಾನು ಹೇಳಿಕೊಡುವುದು ಇಷ್ಟೇ: ಮೊದಲು ಎಲ್ಲರ ಹೆಸರು ಬರೀರಿ, ಗೆರಿ ಆಮ್ಯಾಲೆ. ಆಂಟಿಯ ದನಿಯಲ್ಲೇ ಹೇಳುತ್ತೇನೆ. ಎರಡು ಸಲ ಚುಕ್ಕಿ ಇಟ್ಟವನು ನಾನು, ನನ್ನ ದನಿಯಲ್ಲಿ ಹೇಳಲು ಇನ್ನೂ ಆಗುತ್ತಿಲ್ಲ.