ಈಶಾನ್ಯ ಮೂಲೆಯ ಗುಂಡಿ

ಗುಬ್ಬಿಯಿಂದ ತುಮಕೂರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ ಚಿಕ್ಕಬೋರಯ್ಯನ ಮನೆ. ಬಾವಿ ತೋಡುವುದು ಅವನ ಕಸುಬು. ಗುಬ್ಬಿಯಿಂದ ಕುಣಿಗಲ್‌ವರೆಗೆ ತಾನು ತೋಡಿದ ಬಾವಿಗಳಲ್ಲಿ ನೀರು ಕಾಣದ್ದು ಎರಡೇ ಎಂದು ಹೇಳಿಕೊಳ್ಳುತ್ತಿದ್ದ. ಮೂರಿರಬಹುದು, ಇರಲಿ. ಸ್ವಂತ ಹಿತ್ತಿಲಲ್ಲಿ ತೋಡಿದ್ದು ಮಾತ್ರ ಅವನ ಪ್ರಾಣ. ಆರು ಮಾರು ಆಳ, ಎಂಥ ಬೇಸಿಗೆಯಲ್ಲೂ ಬತ್ತದ ಸಿಹಿನೀರು. ಬೀದಿಯ ಹೆಂಗಸರೆಲ್ಲ ಅಲ್ಲಿಗೇ ಬಿಂದಿಗೆ ತರುತ್ತಿದ್ದರು. ಅವನ ಹೆಂಡತಿ ಚೆನ್ನಮ್ಮ ಹುತ್ರಿದುರ್ಗದ ಕಡೆಯವಳು, ಬೆಟ್ಟದ ಬುಡದಲ್ಲಿ ನೀರು ಹೊತ್ತೇ ಬೆಳೆದವಳು. ತವರಿಗೆ ಹೋದಾಗಲೆಲ್ಲ ಹಿತ್ತಿಲ ಬಾವಿಯ ಸುದ್ದಿ ಹೇಳಿ ಹೇಳಿ ಅಲ್ಲಿಯವರ ಕಿವಿ ತೂತು ಮಾಡಿದ್ದಳು.

ಎಪ್ಪತ್ತೊಂದರಲ್ಲಿ ಪಕ್ಕದ ಖಾಲಿ ಜಾಗದಲ್ಲಿ ಅಂಜನಮೂರ್ತಿ ಎಂಬಾತ ಪೆಟ್ರೋಲ್ ಬಂಕ್ ಹಾಕಿದ. ಟ್ಯಾಂಕ್ ಹೂಳುವ ಗುಂಡಿ ತೋಡಿದವನೂ ಚಿಕ್ಕಬೋರಯ್ಯನೇ. ಭಾರದ ವಸ್ತು ನೈಋತ್ಯದಲ್ಲಿರಬೇಕು ಎಂದು ಶಾಸ್ತ್ರ ಹೇಳಿ, ತನ್ನ ಬೇಲಿಯ ಮಗ್ಗುಲಿಗೇ ಅದನ್ನು ಹೂಳಿಸಿದ. ಊರಿಗೆಲ್ಲ ಬುದ್ಧಿ ಹೇಳುವ ಈ ಪುಣ್ಯಾತ್ಮನಿಗೆ ತನ್ನ ಬಾವಿ ಅಲ್ಲಿಂದ ಹತ್ತೇ ಮಾರು ಎನ್ನುವುದು ಹೊಳೆಯಲಿಲ್ಲ. ಎಂಬತ್ತೆರಡರಲ್ಲಿ ಅಂಜನಮೂರ್ತಿ ತುಮಕೂರಿನ ಬಟವಾಡಿಯಲ್ಲಿ ಹೊಸ ಬಂಕ್ ತೆಗೆದು ಇದನ್ನು ಮುಚ್ಚಿದ. ಪಂಪುಗಳನ್ನು ಕಿತ್ತುಕೊಂಡು ಹೋದ, ಟ್ಯಾಂಕನ್ನು ತಳದ ಎಣ್ಣೆ ಸಮೇತ ನೆಲದಲ್ಲೇ ಬಿಟ್ಟ.

ಮರುವರ್ಷ ಮಳೆಗಾಲ ಕಳೆದ ಮೇಲೆ ಚೆನ್ನಮ್ಮ ಬಿಂದಿಗೆಯನ್ನು ಗಂಡನ ಮುಂದಿಟ್ಟು ಮೂಸಿ ನೋಡಲು ಹೇಳಿದಳು. ಸೀಮೆಎಣ್ಣೆಯಂಥ ವಾಸನೆ, ನೀರಿನ ಮೇಲೆ ಬಣ್ಣಬಣ್ಣದ ಪೊರೆ. ಆ ನೀರಲ್ಲಿ ಮುದ್ದೆ ಮಾಡಿದರೆ ಬಾಯಿಗಿಡಲಾಗುತ್ತಿರಲಿಲ್ಲ. ತಿಂಗಳೊಳಗೆ ಬೀದಿಯ ಹೆಂಗಸರು ಬರುವುದು ನಿಂತಿತು. ಕೇಳಲು ಹೋದರೆ ಅಂಜನಮೂರ್ತಿ, ನಿನ್ನ ಹೆಂಡತಿಯೇ ಬುಡ್ಡಿದೀಪ ಬೀಳಿಸಿರಬೇಕು ನೋಡು ಎಂದು ನಕ್ಕ. ಚಿಕ್ಕಬೋರಯ್ಯ ಅಲ್ಲಿಂದ ನೆಟ್ಟಗೆ ಶಾಲೆಗೆ ಹೋದ. ಮೇಷ್ಟ್ರ ಕೈಲಿ ಅರ್ಜಿ ಬರೆಸಿ ತುಮಕೂರಿನ ಸರ್ಕಾರಿ ಆಫೀಸಿಗೆ ಕೊಟ್ಟ. ವರ್ಷವಿಡೀ ತಿರುಗಿದ ಮೇಲೆ ಮಣ್ಣಿನ ಪರೀಕ್ಷೆಗೆ ಹುಕುಂ ಆಯಿತು. ಮಣ್ಣಲ್ಲಿ ಎಣ್ಣೆ ಸಿಕ್ಕರೆ ಅಂಜನಮೂರ್ತಿ ಟ್ಯಾಂಕ್ ತೆಗೆಸಿ, ಇವನಿಗೆ ಬೋರ್‌ವೆಲ್ ಹಾಕಿಸಿಕೊಡಬೇಕು. ಸಿಗದಿದ್ದರೆ ಏನೂ ಇಲ್ಲ.

ಸಾಹೇಬರು ಜೀಪಿನಲ್ಲಿ ಬಂದರು. ಅಗೆಯಲು ಗುದ್ದಲಿ ಹಿಡಿದು ನಿಂತವನು ಚಿಕ್ಕಬೋರಯ್ಯ. ಎಲ್ಲಿ ಅಗೆಯುವುದು ಎಂದು ಸಾಹೇಬರು ಕೇಳಿದರು. ಅಂಜನಮೂರ್ತಿ ತೆಂಗಿನಕಾಯಿ, ಕರ್ಪೂರ ಹಿಡಿದುಕೊಂಡೇ ಬಂದಿದ್ದ, ಮಹಾ ದೈವಭಕ್ತ.

"ಬೋರಯ್ಯನೇ ಹೇಳ್ಲಿ ಸಾರ್. ಭೂಮಿ ವಿಷ್ಯದಲ್ಲಿ ಅವನಿಗಿಂತ ತಿಳಿದೋರು ಯಾರವ್ರೆ ಈ ಊರಲ್ಲಿ?" ಎಂದ.

ಹೊಗಳಿಕೆಗೆ ಚಿಕ್ಕಬೋರಯ್ಯನ ಎದೆ ಉಬ್ಬಿತು. ಮೂವತ್ತು ವರ್ಷದಲ್ಲಿ ಅವನು ಈಶಾನ್ಯ ಬಿಟ್ಟು ಬೇರೆ ಮೂಲೆಯಲ್ಲಿ ಮೊದಲ ಗುದ್ದಲಿ ಹಾಕಿದವನೇ ಅಲ್ಲ. ಕಾಯಿ ಒಡೆದು, ಕರ್ಪೂರ ಹಚ್ಚಿ, ಈಶಾನ್ಯದಲ್ಲೇ ಒಂದಾಳುದ್ದ ಅಗೆದ. ಒಳ್ಳೇ ಕೆಂಪು ಮಣ್ಣು, ಹೊಲಕ್ಕೆ ಹಾಕುವಂಥದ್ದು. ಸಾಹೇಬರು ಡಬ್ಬಿಗೆ ತುಂಬಿ ಅರಗು ಹಾಕಿದರು. ಮಹಜರಿಗೆ ಇವನ ಹೆಬ್ಬೆಟ್ಟು ಒತ್ತಿಸಿಕೊಂಡರು. ಇವನು ಬೆವರು ಒರೆಸಿಕೊಂಡು, ಇನ್ನು ನೈಋತ್ಯಕ್ಕೆ ಹೋಗೋಣ ಎಂದು ತಿರುಗುವಷ್ಟರಲ್ಲಿ ಜೀಪ್ ಸ್ಟಾರ್ಟ್ ಆಗಿತ್ತು. ಇವನಿಗೆ ಅದು ಕೆಲಸದ ಶುರು, ಅವರಿಗೆ ಅಷ್ಟೇ ಕೆಲಸ. ತನ್ನ ತಲೆ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಿದ್ದ.

ಮರುದಿನ ಬಂಕಿನ ಗೇಟಿಗೆ ಬೀಗ ಬಿದ್ದಿತ್ತು. ಬೇಲಿಯ ಕೆಳಗೆ ಕೈ ತೂರಿಸಿ, ಟ್ಯಾಂಕಿನ ಪಕ್ಕದ ಕಪ್ಪು ಮಣ್ಣು ಬಗೆದು, ಮುತ್ತುಗದ ಎಲೆಯಲ್ಲಿ ಕಟ್ಟಿಕೊಂಡು ತುಮಕೂರಿನ ಬಸ್ ಹತ್ತಿದ. ಪಕ್ಕ ಕೂತವರು ಮೂಗು ಮುಚ್ಚಿಕೊಂಡು ಎದ್ದುಹೋದರು. ಸಾಹೇಬರು ಮಾತ್ರ ಪೊಟ್ಟಣ ಬಿಚ್ಚಲೂ ಇಲ್ಲ.

"ನೀವೇ ತಂದ ಮಣ್ಣನ್ನ ನಾವು ನಂಬೋಕಾಗಲ್ಲ ಕಣ್ರಿ. ಅರ್ಜಿದಾರರು ತೋರಿಸಿದ ಜಾಗದಲ್ಲೇ ಅಗೆದದ್ದು ಅಂತ ಮಹಜರಲ್ಲಿದೆ. ಹೆಬ್ಬೆಟ್ಟು ನಿಮ್ದೇ ಅಲ್ವಾ?"

ಹೌದು ಎಂದು ಪೊಟ್ಟಣ ಎತ್ತಿಕೊಂಡು ಊರಿಗೆ ಬಂದ. ಎಣ್ಣೆಯ ಅಂಶ ಕಂಡುಬಂದಿಲ್ಲ ಎಂಬ ಕಾಗದ ಟಪಾಲಿನಲ್ಲಿ ಬಂತು. ಫೈಲು ಮುಚ್ಚಿತು.

ಅಂಜನಮೂರ್ತಿ ಅದೇ ಕಾಗದ ತೋರಿಸಿ ಎಂಬತ್ತಾರರಲ್ಲಿ ಜಾಗ ಮಾರಿದ. ಕೊಂಡವರು ಮನೆ ಕಟ್ಟಲು ಪಾಯ ತೆಗೆಸಬೇಕು, ಕರೆದದ್ದು ಚಿಕ್ಕಬೋರಯ್ಯನನ್ನೇ. ನಾಚಿಕೆಗೆಟ್ಟ ಹೊಟ್ಟೆ, ಹೋದ. ಈಶಾನ್ಯದಿಂದ ಶುರುಮಾಡಿ ನಾಲ್ಕನೆಯ ದಿನ ನೈಋತ್ಯಕ್ಕೆ ಬಂದಾಗ ತೂತುಬಿದ್ದ ಟ್ಯಾಂಕ್ ಸಿಕ್ಕಿತು, ಸುತ್ತ ಮಸಿಯಂಥ ಮಣ್ಣು. ಮೇಸ್ತ್ರಿ ಮೂಗಿಗೆ ಟವೆಲ್ ಕಟ್ಟಿಕೊಂಡು, ಇದನ್ನೆಲ್ಲ ಎಲ್ಲಾದರೂ ಸುರಿದು ಬಾ ಎಂದ.

ಚಿಕ್ಕಬೋರಯ್ಯ ಒಂದು ಹೆಂಟೆ ತೆಗೆದುಕೊಂಡು ಹಿತ್ತಿಲಿಗೆ ಹೋದ. ಎರಡು ಫರ್ಲಾಂಗ್ ದೂರದ ಬೀದಿ ನಲ್ಲಿಯಿಂದ ಆಗತಾನೇ ಬಂದು ಚೆನ್ನಮ್ಮ ಸೊಂಟದ ಬಿಂದಿಗೆ ಇಳಿಸುತ್ತಿದ್ದಳು.

"ಸಿಕ್ತು ಕಣೇ," ಎಂದ.

ಅವಳು ಹೆಂಟೆಯನ್ನೂ ಅವನ ಕೈಯನ್ನೂ ನೋಡಿದಳು. "ಬಾವಿ ತೋಡಿದ್ದೂ ಇದೇ ಕೈ, ಟ್ಯಾಂಕಿನ ಗುಂಡಿ ತೋಡಿದ್ದೂ ಇದೇ ಕೈ, ಹೆಬ್ಬೆಟ್ಟು ಒತ್ತಿದ್ದೂ ಇದೇ ಕೈ. ನಾನಿನ್ಯಾರ್ನ ಬೈಲಿ?"

ಅವನು ಮಂಕರಿ ಹಿಡಿದು ಮತ್ತೆ ಗುಂಡಿಗಿಳಿದ. ಸಂಜೆಯವರೆಗೂ ಮಂಕರಿಗಟ್ಟಲೆ ಆ ಕಪ್ಪು ಮಣ್ಣನ್ನು ಹೊತ್ತು ತಂದು ತನ್ನ ಬಾವಿಗೇ ಸುರಿದ. ಮೊದಲ ಮಂಕರಿಯನ್ನು ಯಾವ ದಿಕ್ಕಿನಿಂದ ಸುರಿದೆನೆಂದು ಅವನು ನೋಡಲಿಲ್ಲ.