ಕೀಲಿಗೆ ಇಲ್ಲದ ಎಣ್ಣೆ

ಇಂದಿಗೂ ನೆನೆದರೆ ಮೈ ಉರಿಯುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಯಶವಂತಪುರದ ಮಂಡಿಯಿಂದ ಬ್ಯಾಟರಾಯನಪುರದ ತಮ್ಮ ಅಂಗಡಿಗೆ ಈರುಳ್ಳಿ ತರಲು ನಮ್ಮ ಅಕ್ಕನ ಗಂಡ ಒಂದು ಹಳೆಯ ಪಿಕಪ್ ಇಟ್ಟುಕೊಂಡಿದ್ದರು. ಆಯುಧಪೂಜೆ ಬಂತೆಂದರೆ ಅದಕ್ಕೆ ಹೊಸ ಬಣ್ಣ ಆಗಲೇಬೇಕು. ಭಾವ ತಾವೇ ಬ್ರಷ್ ಹಿಡಿದು ಬಾನೆಟ್ಟಿನ ಕೀಲುಗಳನ್ನೂ ಬಿಡದೆ ಬಳಿಯುತ್ತಿದ್ದರು. ಬಣ್ಣ ಒಣಗಿ ಕೀಲು ಬಿಗಿದುಕೊಳ್ಳುತ್ತಿತ್ತು. ಒಂದು ಸಲ ತೆರೆದ ಬಾನೆಟ್ಟು ಮುಚ್ಚಲಿಲ್ಲವೆಂದು ಮೈಭಾರವನ್ನೆಲ್ಲ ಹಾಕಿ ಒತ್ತಿದರು. ಕೀಲು ಮಣಿಯಲಿಲ್ಲ, ತಗಡು ಮಣಿಯಿತು. ಕೀಲಿನ ಪಕ್ಕದಲ್ಲೇ ಗೂನು ಎದ್ದಿತು.

ಸರಿಮಾಡುವ ಕೆಲಸ ಮಾತ್ರ ನನ್ನ ತಲೆಗೆ. ಬಾನೆಟ್ಟನ್ನು ಬಿಚ್ಚಿ ಹಲಗೆಯ ಮೇಲಿಟ್ಟು, ಮರದ ಕೊಡತಿಯಿಂದ ತಟ್ಟಿ ತಟ್ಟಿ ಗೂನು ಇಳಿಸಿದೆ. ಕೀಲುಗಳ ಬಣ್ಣ ಕೆರೆದು ಎಣ್ಣೆ ಬಿಟ್ಟೆ. ಆಮೇಲೆ ಮೆಲ್ಲಗೆ ತಳ್ಳಿದರೂ ಮುಚ್ಚುತ್ತಿತ್ತು.

“ಭಾವ, ಇನ್ಮೇಲೆ ಕೀಲಿಗೆ ಬಣ್ಣ ಹಚ್ಬೇಡಿ. ಆಗಾಗ ಎಣ್ಣೆ ಬಿಡಿ, ಸಾಕು,” ಎಂದೆ. ತಲೆಯಾಡಿಸಿದರು.

ಮುಂದಿನ ಹಬ್ಬಕ್ಕೆ ಹೋದರೆ ಕೀಲುಗಳ ಮೇಲೆ ಮತ್ತೆ ಹಸಿರು ಬಣ್ಣ ಮೆತ್ತಿತ್ತು, ಬಾನೆಟ್ಟು ಮತ್ತೆ ಗೂನಾಗಿತ್ತು.

“ಏನ್ ಭಾವ ಇದು?”

“ಯಾರದ್ದೋ ಕಣ್ಣು ಬಿದ್ದಿದೆ ಕಣೋ. ಇಲ್ದಿದ್ರೆ ಅದೇ ಜಾಗದಲ್ಲಿ ಮತ್ತೆ ಬಾಗುತ್ತಾ?”

ಕಣ್ಣಂತೆ ಕಣ್ಣು! ಬಣ್ಣ ಬಳಿದ ಕೈಗೆ ಏನೂ ಇಲ್ಲ, ತಪ್ಪೆಲ್ಲ ಊರವರ ಕಣ್ಣಿಗೆ. ಗಾಡಿಗೆ ನಿಂಬೆಹಣ್ಣು ಕಟ್ಟಿ, ಎದುರಿಗೆ ದೀಪವಿಟ್ಟು, ತುಳುಕುವಷ್ಟು ಎಣ್ಣೆ ಸುರಿದರು. ಉಳಿದದ್ದನ್ನಾದರೂ ಕೀಲಿಗೆ ಬಿಡೋಣವೆಂದು ನಾನು ಬಾಟಲಿಗೆ ಕೈ ಹಾಕಿದೆ.

ಭಾವ ಗದರಿದರು. “ಏಯ್, ಹೊಸ ಬಣ್ಣ ಕಣೋ! ಎಣ್ಣೆ ಬಿಟ್ರೆ ಹಾಳಾಗುತ್ತೆ!”