ಒಂದು ಕಾಮೆಂಟನ್ನು ತಳ್ಳಿದ ಬೆಳಿಗ್ಗೆ

ಆಗ ಕನ್ನಡದ ಬ್ಲಾಗುಗಳನ್ನೆಲ್ಲ ಒಂದೇ ಕಡೆ ತೋರಿಸುವ ಒಂದು ಪುಟವಿತ್ತು. ಎಡಗಡೆ ಹೊಸ ಬರಹಗಳು, ಬಲಗಡೆ ಓದಿದವರ ಕಾಮೆಂಟುಗಳು. ಬಲಗಡೆ ಇಪ್ಪತ್ತಕ್ಕಷ್ಟೇ ಜಾಗ. ಹೊಸದೊಂದು ಮೇಲೆ ಬಂದು ಕೂತರೆ ಹಳೆಯದೊಂದು ಕೆಳಗಿನಿಂದ ಉದುರಿಹೋಗುತ್ತಿತ್ತು. ಒಬ್ಬನೇ ಇಡೀ ಪಟ್ಟಿಯನ್ನು ತುಂಬಿಸಬಾರದೆಂದು, ಒಬ್ಬರಿಂದ ದಿನಕ್ಕೆ ಎರಡನ್ನು ಮಾತ್ರ ಅದು ತೆಗೆದುಕೊಳ್ಳುತ್ತಿತ್ತು. ಅಲ್ಲಿ ಬರೆಯುವ ಹೆಂಗಸರು ಬೆರಳೆಣಿಕೆಯಷ್ಟು. ಅವರಲ್ಲಿ ಕಂಪ್ಯೂಟರ್ ಬಗ್ಗೆ ಬರೆಯುವವಳು ನಾನೊಬ್ಬಳೇ ಎಂದು ಸ್ವಲ್ಪ ಜಂಬವೂ ಇತ್ತು ನನಗೆ.

ಕೊಚ್ಚಿಯ ಮಟ್ಟಾಂಚೇರಿಯ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರುಗಳ ಉಸ್ತುವಾರಿ ನನ್ನದು. ಕಲೂರಿನಲ್ಲಿ ನಾನು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದ ಒಬ್ಬರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆ. ಪೆನ್‌ಡ್ರೈವಿಗೆ ವೈರಸ್ ಹತ್ತಿದರೆ ಏನು ಮಾಡಬೇಕು, ಕನ್ನಡ ಅಕ್ಷರ ಚೌಕಚೌಕವಾಗಿ ಕಂಡರೆ ಏನು ಮಾಡಬೇಕು, ಇಂಥವನ್ನೇ ಬರೆಯುತ್ತಿದ್ದೆ. ತಪ್ಪದೆ ಓದುತ್ತಿದ್ದವರು ಅಪ್ಪ. ಮೈಸೂರಿನಲ್ಲಿ ದಿನಾ ಹನ್ನೊಂದಕ್ಕೆ ಮನೆ ಹತ್ತಿರದ ಸೈಬರ್ ಕೆಫೆಗೆ ಹೋಗಿ ಆ ಪುಟವನ್ನು ಪೇಪರ್ ಓದಿದ ಹಾಗೆ ಮೇಲಿಂದ ಕೆಳಗಿನವರೆಗೂ ಓದುತ್ತಿದ್ದರು. ನಾನು ಒಬ್ಬಳೇ ಕೊಚ್ಚಿಗೆ ಬರುವುದು ಅವರಿಗೆ ಇಷ್ಟವಿರಲಿಲ್ಲ. "ಯಾರಾದ್ರೂ ಒಂದ್ ಮಾತು ಆಡಿದ್ರು ಅಂತ ಗೊತ್ತಾಗ್ಲಿ, ಅವತ್ತೇ ವರ್ಗ ಮಾಡಿಸ್ಕೊಂಡು ವಾಪಸ್ ಬರ್ತೀಯ" ಎಂದು ಹೇಳಿಯೇ ಕಳಿಸಿದ್ದರು.

ಆ ಒಂದು ಮಾತು ಬಂತು. ಕೆಲಸಕ್ಕೆ ಹೊರಡುವ ಮುಂಚೆ ಕಲೂರ್ ಬಸ್‌ಸ್ಟ್ಯಾಂಡಿನ ಬಳಿಯ ಕೆಫೆಯಲ್ಲಿ ಪುಟ ತೆರೆದೆ. ನನ್ನ ಬರಹದ ಕೆಳಗೆ ಹೆಸರಿಲ್ಲದ ಒಬ್ಬ ಮಹಾನುಭಾವ ಬರೆದಿದ್ದ: "ಅಡುಗೆ ಬರೆಯೋದು ಬಿಟ್ಟು ನಿಮಗ್ಯಾಕೆ ಇದು? ಮಟ್ಟಾಂಚೇರಿ ಬ್ಯಾಂಕಿನ ಮೇಡಂಗೆ ಇದನ್ನೆಲ್ಲ ಬರೆದುಕೊಡೋ ಗಂಡಸು ಯಾರು?"

ಮೈಯೆಲ್ಲ ಉರಿಯಿತು. ನನ್ನ ಬ್ಲಾಗಿನಿಂದ ಅದನ್ನು ಅಳಿಸಿದೆ. ಆದರೆ ಆ ಪುಟ ಆಗಲೇ ಅದನ್ನು ಹೆಕ್ಕಿಕೊಂಡು ಪಟ್ಟಿಯ ತುದಿಯಲ್ಲಿ ಕೂರಿಸಿಕೊಂಡಿತ್ತು. ಅಲ್ಲಿಂದ ತೆಗೆಯುವುದು ನನ್ನ ಕೈಯಲ್ಲಿರಲಿಲ್ಲ. ನಡೆಸುವವರಿಗೆ ಮೇಲ್ ಹಾಕಿದೆ. ಅವರು ನೋಡುವಾಗ ಸಂಜೆಯಾಗುತ್ತದೆ. ಅಪ್ಪ ನೋಡುವುದು ಹನ್ನೊಂದಕ್ಕೆ.

ತಿರುವನಂತಪುರದ ಐಟಿ ಪಾರ್ಕಿನಲ್ಲಿ ಧಾರವಾಡದ ಗೆಳತಿಯೊಬ್ಬಳಿದ್ದಳು. ಬ್ಲಾಗಿನಿಂದಾದ ಪರಿಚಯ, ಮುಖ ನೋಡಿರಲಿಲ್ಲ. ಫೋನ್ ಮಾಡಿ, ಅವನ ಜನ್ಮ ಜಾಲಾಡಿಸಿ ಉತ್ತರ ಬರೆಯುತ್ತೇನೆ ಎಂದು ಕೂಗಾಡಿದೆ.

"ಏನೂ ಬರೀಬ್ಯಾಡ. ಉತ್ತರ ಕೊಟ್ರ ಅವನ್ನ ಕೂಡಿಸಿ ಚಾ ಕೊಟ್ಟಂಗ ಆಗ್ತದ" ಎಂದಳು. "ನೀ ಡ್ಯೂಟಿಗೆ ಹೋಗು. ನಾವು ತಳ್ಳತೀವಿ."

"ತಳ್ಳೋದು ಅಂದ್ರೆ?"

"ಅದು ಕೆಳಗ ಬೀಳೂತನಾ ಎಲ್ಲಾರೂ ಕಾಮೆಂಟ್ ಹಾಕೋದು. ಇಲ್ಲೆ ಕನ್ನಡದ ಹುಡುಗ್ಯಾರು ಭಾಳ ಮಂದಿ ಇದೀವಿ. ದಿನಾ ಓದ್ತಾರ, ಒಬ್ರೂ ಬರಿಯಂಗಿಲ್ಲ. ಇವತ್ತ ಬರಸ್ತೀನಿ."

"ಏನಂತ ಬರೀತಾರೆ?"

"ಅಡಗೀ ಬರೀ ಅಂದಾನಲ್ಲ, ಅಡಗೀನ ಬರೀತೀವಿ!"

ನನ್ನ ಪಾಲಿನ ಎರಡನ್ನು ಅಲ್ಲೇ ಹಾಕಿ ಬಸ್ ಹತ್ತಿದೆ. ವಿಲ್ಲಿಂಗ್ಡನ್ ಐಲ್ಯಾಂಡಿನ ಸೇತುವೆ ದಾಟುವಾಗಲೂ ಕಣ್ಣು ಗಡಿಯಾರದ ಮೇಲೇ. ಬ್ಯಾಂಕಿನ ಕಂಪ್ಯೂಟರುಗಳಲ್ಲಿ ಇಂಟರ್ನೆಟ್ ಇರಲಿಲ್ಲ. ಪ್ರಿಂಟರ್ ಕೆಟ್ಟಿದೆ ಎಂದು ಕರೆಯಲು ಬಂದ ಕ್ಯಾಷಿಯರ್ ಮೇಲೆ ಸುಮ್ಮಸುಮ್ಮನೆ ರೇಗಿದೆ. ಹನ್ನೊಂದಕ್ಕೆ ಸ್ವಲ್ಪ ಮುಂಚೆ ಗೆಳತಿಯ ಮೆಸೇಜ್ ಬಂತು: "ಇನ್ನ ಎರಡ ಬೇಕು. ಇಲ್ಲೆ ಎಲ್ಲಾರದೂ ಮುಗದದ. ಬ್ಯಾರೆ ಯಾರರೆ ಸಿಗ್ತಾರೇನು ನೋಡ್ತೀನಿ."

ಅಂದರೆ ಅದು ಪಟ್ಟಿಯ ಕೆಳಗಿನಿಂದ ಎರಡನೆಯದಾಗಿ ಇನ್ನೂ ಅಲ್ಲೇ ಇತ್ತು. ಕೊನೆಯ ಸಾಲಿನವರೆಗೂ ಬಿಡದೆ ಓದುವ ಅಪ್ಪ ಅದನ್ನು ಓದಿಯೇ ಓದುತ್ತಾರೆ. ವರ್ಗದ ಅರ್ಜಿ ಬರೆಯುವುದೊಂದೇ ಬಾಕಿ ಎನಿಸಿತು. ಅಳು ಬಂತು.

ಹನ್ನೆರಡರ ಹತ್ತಿರ ಅಪ್ಪನ ಫೋನ್.

"ಏನಮ್ಮ, ಇವತ್ತು ನಿನ್ನ ಬ್ಲಾಗಲ್ಲಿ ಹುಡುಗೀರೆಲ್ಲ ತಿಂಡಿ ವಿಷಯಾನೇ ಮಾತಾಡ್ತಿದಾರೆ? ಒಬ್ಬಳು ಪುಟ್ಟು ಕಡಲೆ ಅಂತಾಳೆ, ಇನ್ನೊಬ್ಬಳು ಜೋಳದ ರೊಟ್ಟಿ ಹಿಟ್ಟು ಇಲ್ಲಿ ಸಿಗಲ್ಲ ಅಂತಾಳೆ."

"ಸುಮ್ನೆ ತಮಾಷೆಗಪ್ಪ" ಎಂದೆ.

"ನಾನೂ ಎರಡು ಹಾಕ್ದೆ. ಉಪ್ಪಿಟ್ಟು ಅಂತ ಒಂದು, ಕಾಫಿ ಆಯ್ತು ಅಂತ ಒಂದು. ಇಂಗ್ಲಿಷ್ ಅಕ್ಷರದಲ್ಲೇ ಹಾಕಿದೀನಿ. ಒಂದೊಂದು ಅಕ್ಷರಾನೂ ಹುಡುಕಿ ಒತ್ತೋ ಹೊತ್ತಿಗೆ ಸಾಕಾಗೋಯ್ತು."

ಅಪ್ಪ ಅದುವರೆಗೆ ಓದಿದ್ದರೇ ಹೊರತು ಒಂದಕ್ಷರ ಬರೆದವರಲ್ಲ. "ನಿಮಗ್ಯಾಕಪ್ಪ ಈ ಕಷ್ಟ?" ಎಂದೆ.

"ಕೆಳಗೆ ಒಂದು ಇತ್ತಲ್ಲ, ಅದು ಹೋಗ್ಲಿ ಅಂತ. ಎಲ್ಲರೂ ಅದಕ್ಕೇ ತಾನೆ ಬರೀತಿದ್ದಿದ್ದು? ಹೋಯ್ತು, ನೋಡಿಯೇ ಎದ್ದು ಬಂದೆ."

ಅಪ್ಪ ಅದನ್ನು ಓದಿದ್ದರು, ಎಲ್ಲವೂ ಗೊತ್ತಿತ್ತು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ನಾನೇ ಕೇಳಿಬಿಟ್ಟೆ. "ಹಾಗಾದ್ರೆ ವರ್ಗಕ್ಕೆ ಅರ್ಜಿ ಕೊಡ್ಲಾ?"

"ಯಾಕೆ? ನೀನು ಅಲ್ಲಿ ಒಬ್ಬಳೇ ಇದೀಯ ಅಂತಿದ್ದೆ ನಾನು" ಎಂದರು ಅಪ್ಪ. "ಅಷ್ಟೊಂದು ಜನ ಇದಾರಲ್ಲಮ್ಮ."